ಬಾಗಿಲಿಗಿಂತ ಉದ್ದದ ಉಡ

ಬೇಕರಿ ಮನೆಯಿಂದ
ಫೆಬ್ರವರಿ 6, 1989

ಬೀಗಿತ್ತಿಯವರಿಗೆ ನಮಸ್ಕಾರ.

ಮದುವೆಯಾಗಿ ತಿಂಗಳಾದ ಮೇಲೆ ಕಾಗದ ಬರೆಯುತ್ತಿದ್ದೇನೆ. ಒಬ್ಬನೇ ಮಗನ ಮದುವೆಗೆ ತಾಯಿಯೇ ಬರಲಿಲ್ಲವೆಂದು ನೀವು ಮುಖ ಊದಿಸಿಕೊಂಡಿದ್ದರೆ ತಪ್ಪಿಲ್ಲ. ಇವರಿಬ್ಬರೂ ಕೆಲಸ ಕಲಿಯಲು ಹೋದ ಊರಿನಲ್ಲೇ, ಬ್ರೆಡ್ ಕಾರ್ಖಾನೆಗೆ ಒಂದು ದಿನ ರಜೆ ಹಾಕಿ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಸಹಿ ಮಾಡಿಬಿಟ್ಟರು. ಇಲ್ಲಿ ಮೂಳೆ ಕೊರೆಯುವ ಚಳಿ. ಈ ಚಳಿಯಲ್ಲಿ ನಮ್ಮ ಒಲೆ ಒಮ್ಮೆ ಆರಿದರೆ ಮತ್ತೆ ಕಾಯುವ ಹೊತ್ತಿಗೆ ಊರೆಲ್ಲ ಉಪವಾಸ. ಅದಕ್ಕೇ ಬರಲಾಗಲಿಲ್ಲ.

ನಿಮ್ಮ ಮಗಳ ಬಗ್ಗೆ ದೂರಿಲ್ಲ. ಹಿಟ್ಟು ನಾದುವ ಕೈ ಅವಳದು. ಬಂದ ಮರುದಿನವೇ ಕೌಂಟರಿನಲ್ಲಿ ನಿಂತಳು. ಗಿರಾಕಿಗಳಿಗೆ ಅವಳ ಮಾತು ಇಷ್ಟ. ಆದರೆ ಒಂದು ವಿಷಯ ನಿಮ್ಮನ್ನೇ ಕೇಳಬೇಕು. ಅವಳು ಇದ್ದದ್ದನ್ನು ಎಳೆದು ಉದ್ದ ಮಾಡಿ ಹೇಳುತ್ತಾಳೆ. ನಿಮ್ಮ ಹಿತ್ತಲಿಗೆ ಬಾಗಿಲಿಗಿಂತ ಉದ್ದದ ಒಂದು ಉಡ ಬರುತ್ತದಂತೆ! ನೀವು ಅದನ್ನು ಪೊರಕೆಯಲ್ಲಿ ಅಟ್ಟುತ್ತೀರಂತೆ! ಬಟ್ಟೆಗೆ ಹಾಕುವ ನೀಲಿಯ ತೊಟ್ಟಿಯಲ್ಲಿ ನೀರು ಕುಡಿದು ಅದರ ಗದ್ದ ನೀಲಿಯಾಗಿತ್ತಂತೆ! ನಾನು ಹುಟ್ಟಿ ಬೆಳೆದ ಈ ಬೆಟ್ಟದಲ್ಲಿ ಹಲ್ಲಿ ಕೂಡ ಬೇಸಿಗೆಯಲ್ಲಷ್ಟೇ ಕಾಣುತ್ತದೆ. ಗಿರಾಕಿಗಳು ನಗುತ್ತಾರೆ, ನಿಜ. ಆದರೆ ನಮ್ಮದು ತಕ್ಕಡಿಯ ವ್ಯಾಪಾರ. ಕೌಂಟರಿನಲ್ಲಿ ನಿಂತವರ ಬಾಯಿಯೂ ತಕ್ಕಡಿಯ ಹಾಗೇ ಇರಬೇಕು.

ತಾಯಿಯಾಗಿ ನೇರವಾಗಿ ಬರೆಯಿರಿ. ಇದು ನಿಜವೋ, ಚಿಕ್ಕಂದಿನಿಂದ ಇರುವ ಚಾಳಿಯೋ?

ಇಂತಿ ನಿಮ್ಮ ಬೀಗಿತ್ತಿ


ಲಾಂಡ್ರಿ ಮನೆಯಿಂದ
ಫೆಬ್ರವರಿ 19

ಬೀಗಿತ್ತಿಯವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ಬಂದಾಗ ನನ್ನ ಮೊಣಕೈವರೆಗೆ ಸೋಪಿನ ನೊರೆ. ಸೆರಗಿಗೆ ಕೈ ಒರೆಸಿಕೊಂಡು ಓಡಿಬಂದೆ. ನಮ್ಮವರು ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟರು. ಅವರ ಎದುರು ಗಟ್ಟಿಯಾಗಿ ಓದಿದೆ. ಹಿಟ್ಟು ನಾದುವ ಕೈ ಎಂದು ಬರೆದಿದ್ದೀರಲ್ಲ, ಆ ಸಾಲನ್ನು ಅವರು ಮತ್ತೆ ಓದಿಸಿದರು. ಕೇಳುತ್ತ ಕೇಳುತ್ತ ಯಾರದೋ ಕಾಲರ್ ಸುಟ್ಟುಹಾಕಿದರು. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ಇನ್ನು ನೀವು ಕೇಳಿದ ವಿಷಯ. ಅಂಥದ್ದೇನೂ ಇಲ್ಲ. ನಮ್ಮ ಮನೆ ಕಾಲುವೆಯ ದಂಡೆಯಲ್ಲಿದ್ದರೂ ಹಿತ್ತಲು ಕನ್ನಡಿಯ ಹಾಗಿದೆ. ಬಿಳಿ ಬಟ್ಟೆ ಒಣಗಿಸುವ ಜಾಗವಲ್ಲವೇ? ಹುಳಹುಪ್ಪಟೆ ಸುಳಿಯಲು ಬಿಡುವವಳಲ್ಲ ನಾನು. ಎಲ್ಲೋ ಒಂದು ಹಲ್ಲಿ ನೋಡಿರಬೇಕು. ನಮ್ಮ ಹುಡುಗಿಯನ್ನು ಮನೆಯಲ್ಲಿ ಪಟಾಕಿ ಎಂದೇ ಕರೆಯುತ್ತೇವೆ. ಮಾತು ಹತ್ತಿಕೊಂಡರೆ ನಿಲ್ಲುವುದಿಲ್ಲ. ಕಥೆ ಕಟ್ಟುತ್ತಾಳೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಹಿತ್ತಲಲ್ಲಿ ನಮ್ಮವರು ಪೊರಕೆ ಹಿಡಿದು ಏನನ್ನೋ ಹುಶ್ ಹುಶ್ ಎಂದು ಓಡಿಸುತ್ತಿದ್ದಾರೆ. ಬೆಕ್ಕಿರಬೇಕು. ಹೋಗಿ ನೋಡುತ್ತೇನೆ.

ಇಂತಿ ನಿಮ್ಮ ಬೀಗಿತ್ತಿ


ಬೇಕರಿ ಮನೆಯಿಂದ
ಮಾರ್ಚ್ 5

ಬೀಗಿತ್ತಿಯವರಿಗೆ,

ನೇರವಾಗಿ ಬರೆದಿರಿ. ಅದಕ್ಕೆ ನಿಮ್ಮ ಮೇಲೆ ಗೌರವ ಬಂತು.

ಊಟಕ್ಕೆ ಕೂತಾಗ ನಿಮ್ಮ ಕಾಗದವನ್ನು ಎಲ್ಲರೆದುರು ಓದಿದೆ. ಅವಳು "ಅಮ್ಮನೇ ಹಾಗೆ ಬರೆದ್ರಾ?" ಅಂತ ಒಂದೇ ಮಾತು ಕೇಳಿದಳು. ಕಾಗದ ಕೈಗೆ ಕೊಟ್ಟೆ. ಅಕ್ಷರ ನೋಡಿ ಮಡಚಿ ವಾಪಸ್ ಕೊಟ್ಟಳು.

ಈಗ ಅವಳನ್ನು ಕೌಂಟರಿನಿಂದ ತೆಗೆದು ಹಿಂದಿನ ಕೋಣೆಗೆ ಹಾಕಿದ್ದೇನೆ. ಬ್ರೆಡ್ ಅಚ್ಚುಗಳಿಗೆ ಎಣ್ಣೆ ಸವರುತ್ತಾಳೆ. ಕೆಲಸ ಅಚ್ಚುಕಟ್ಟು. ಕೇಳಿದರೆ ಹೌದು, ಇಲ್ಲ, ಅಷ್ಟೆ. ಮನೆ ಶಾಂತವಾಗಿದೆ. ಮಗ ಮಾತ್ರ ನನ್ನ ಮೇಲೆ ಮುನಿಸಿಕೊಂಡು ಸಾರಿಗೆ ಉಪ್ಪಿಲ್ಲ, ಚಹಾಕ್ಕೆ ಸಕ್ಕರೆ ಇಲ್ಲ ಎನ್ನುತ್ತಾನೆ. ಸರಿಹೋಗುತ್ತಾನೆ.

ನಿನ್ನೆ ಬೆಳಿಗ್ಗೆ ಆ ಹಾಳು ಜಿಂಕೆಗಳು ಮತ್ತೆ ಬಂದು ಎಲೆಕೋಸನ್ನೆಲ್ಲ ಮೇಯ್ದು, ಬಾಗಿಲ ಮುಂದೆ ಇಟ್ಟಿದ್ದ ಹಳೆ ಬ್ರೆಡ್ಡಿನ ಬುಟ್ಟಿಯನ್ನೂ ಉರುಳಿಸಿ ಹೋದವು. ಇಂಥ ಕಾಟಗಳಲ್ಲೇ ದಿನ ಕಳೆಯುತ್ತದೆ.

ನಿಮ್ಮ ಬೀಗಿತ್ತಿ


ಲಾಂಡ್ರಿ ಮನೆಯಿಂದ
ಮಾರ್ಚ್ 16

ಬೀಗಿತ್ತಿಯವರೇ, ನಿಮ್ಮ ಕಾಗದ ಓದಿದ್ದೇ ಒಗೆಯುವುದನ್ನು ಅಲ್ಲೇ ಬಿಟ್ಟು ಬರೆಯಲು ಕೂತೆ.

ಅವಳು ಸುಳ್ಳು ಹೇಳಿಲ್ಲ. ಸುಳ್ಳು ಹೇಳಿದವಳು ನಾನು.

ಉಡ ಇದೆ. ಒಂದಲ್ಲ, ಈ ಕಾಲುವೆಯ ಉದ್ದಕ್ಕೂ ಇವೆ. ಇಲ್ಲಿ ಕಾಗೆ ಎಷ್ಟು ಸಾಮಾನ್ಯವೋ ಉಡವೂ ಅಷ್ಟೇ ಸಾಮಾನ್ಯ. ನಮ್ಮ ಹಿತ್ತಲಿಗೆ ಬರುವುದು ಎಲ್ಲಕ್ಕಿಂತ ದೊಡ್ಡದು. ಎರಡೂ ಕೈ ಬೀಸುತ್ತ, ಗೋಡೆ ನೆಟ್ಟಗಿದೆಯೋ ಇಲ್ಲವೋ ಎಂದು ನೋಡುವವನ ಹಾಗೆ ತಲೆ ಎತ್ತಿ ನಡೆಯುತ್ತಾನೆ. ಅದಕ್ಕೇ ಅವನಿಗೆ ಮೇಸ್ತ್ರಿ ಎಂದು ಹೆಸರು. ಬಾಲದ ತುದಿ ಮುರಿದಿದೆ. ಪಕ್ಕದ ಮನೆಯ ಬಾತುಕೋಳಿ ಮೊಟ್ಟೆ ಕದಿಯುತ್ತಾನೆ. ನೀಲಿಯ ತೊಟ್ಟಿಯ ಕಥೆಯೂ ನಿಜ. ಅಂದು ಅವನ ಗದ್ದ ನೋಡಿ ನಾನೇ ನಕ್ಕಿದ್ದೆ.

ಏಕೆ ಸುಳ್ಳು ಬರೆದೆ ಎಂದು ಕೇಳುತ್ತೀರಿ. ನಾಚಿಕೆಯಿಂದ. ನಮ್ಮ ಕಡೆ ಉಡ ಬರುವ ಮನೆಯೆಂದರೆ ಕೊಳಚೆ ಮನೆ ಎನ್ನುತ್ತಾರೆ. ಹಿಂದೊಮ್ಮೆ ಒಂದು ಕಡೆಯವರು ಪಟಾಕಿಯನ್ನು ನೋಡಲು ಬಂದಿದ್ದರು. ಮಾತು ಹೊಂದಿತ್ತು. ಅಷ್ಟರಲ್ಲಿ ಮೇಸ್ತ್ರಿ ಹಿಂಬಾಗಿಲಿಗೆ ಬಂದು ನಾಲಿಗೆ ಚಾಚಿದ. ಚಹಾದ ಲೋಟ ಅಲ್ಲೇ ಬಿಟ್ಟು ಎದ್ದು ಹೋದರು. ನೀವೂ ಹಾಗೇ ಮೂಗು ಮುಚ್ಚಿಕೊಳ್ಳುತ್ತೀರಿ ಎಂದು ಹೆದರಿದೆ.

ಆದರೆ ನೋಡಿ, ಪಕ್ಕದ ಗೆಸ್ಟ್ ಹೌಸಿಗೆ ದೂರದಿಂದ ಬರುವ ಜನ ಇದೇ ಮೇಸ್ತ್ರಿಗೆ ಮುಗಿಬೀಳುತ್ತಾರೆ. ಕಳೆದ ಚಳಿಗಾಲದಲ್ಲಿ ಒಬ್ಬ ದೊಡ್ಡ ಮೀಸೆಯವನು ನಾನು ಒಗೆದು ಹುಲ್ಲಿನ ಮೇಲೆ ಹಾಸಿದ್ದ ಬಿಳಿ ಬೆಡ್‌ಶೀಟಿನ ಮೇಲೆ ಬೋರಲು ಮಲಗಿ ಫೋಟೋ ಹಿಡಿದ. ಅದು ಅವನದೇ ರೂಮಿನ ಬೆಡ್‌ಶೀಟು! ಮತ್ತೆ ಒಗೆದೆ. ನೋಡಲು ಅಷ್ಟು ದೂರದಿಂದ ಬರುವವರಿಗೆ ಅದು ಹಬ್ಬ. ನನಗೆ ಮಾತ್ರ ಅವಮಾನ.

ದಿನವೂ ದೇವರ ಮುಂದೆ ಕೈಮುಗಿದು ನಿಲ್ಲುವವಳು ಹೊಟ್ಟೆಯ ಮಗಳನ್ನೇ ಸುಳ್ಳಿಯನ್ನಾಗಿ ಮಾಡಿದೆ. ಅವಳು ಮಾತು ನಿಲ್ಲಿಸಿದ್ದನ್ನು ನೀವು ಶಾಂತಿ ಎನ್ನುತ್ತೀರಿ. ನನಗೆ ಅದು ಮನೆಯಲ್ಲಿ ದೀಪ ಆರಿದ ಹಾಗೆ. ಅವಳು ನನಗೂ ಕಾಗದ ಬರೆದಿಲ್ಲ. ದಯವಿಟ್ಟು ಈ ಕಾಗದವನ್ನೂ ಊಟದ ಹೊತ್ತಿಗೆ ಎಲ್ಲರೆದುರು ಓದಿ.

ಇಂತಿ ನಿಮ್ಮ ಬೀಗಿತ್ತಿ


ಬೇಕರಿ ಮನೆಯಿಂದ
ಮಾರ್ಚ್ 29

ಬೀಗಿತ್ತಿಯವರಿಗೆ,

ನಾನೂ ತಾಯಿ. ತಾಯಿಯ ಕರುಳು ಏನು ಬೇಕಾದರೂ ಬರೆಸುತ್ತದೆ. ಮಗಳ ಮಾನ ಉಳಿಸಲು ತಪ್ಪನ್ನು ನಿಮ್ಮ ತಲೆಯ ಮೇಲೆ ಹೊತ್ತುಕೊಂಡಿದ್ದೀರಿ. ಅದು ನನಗೆ ಅರ್ಥವಾಯಿತು. ಕೋಪವಿಲ್ಲ.

ಆದರೆ ಎರಡು ಕಾಗದ, ಎರಡು ಮಾತು. ಒಂದನ್ನು ನಂಬಬೇಕು. ಕೇಳಿದ ಕೂಡಲೇ ಬಂದ ಉತ್ತರವನ್ನು ನಂಬುತ್ತೇನೆ. ಯೋಚಿಸಿ ಬರೆದದ್ದನ್ನಲ್ಲ. ಅದಕ್ಕೊಂದು ಹೆಸರು, ಮೇಸ್ತ್ರಿಯಂತೆ! ಮೀಸೆಯವನು ಬೆಡ್‌ಶೀಟಿನ ಮೇಲೆ ಮಲಗಿದನಂತೆ! ಪಟಾಕಿ ಯಾವ ಅಂಗಡಿಯದು ಎಂದು ಈಗ ತಿಳಿಯಿತು.

ಕಾಗದವನ್ನು ಓದಿ ಹೇಳಲಿಲ್ಲ. ಅವಳಿಗೆ ಸುಮ್ಮನೆ ಆಸೆ ಹುಟ್ಟಿಸುವುದು ಬೇಡ.

ನಿಮ್ಮ ಬೀಗಿತ್ತಿ


ಲಾಂಡ್ರಿ ಮನೆಯಿಂದ
ಏಪ್ರಿಲ್ 14

ಬೀಗಿತ್ತಿಯವರೇ, ಸಿಕ್ಕಿತು! ಫೋಟೋ ಸಿಕ್ಕಿತು!

ಗೆಸ್ಟ್ ಹೌಸಿಗೆ ಈಗ ಜನ ಬರುವ ಕಾಲವಲ್ಲ. ಕ್ಯಾಮೆರಾ ಹಿಡಿದವರು ಒಬ್ಬರೂ ಇಲ್ಲ. ಕೊನೆಗೆ ನಮ್ಮ ಬೀದಿಯ ಸ್ಟುಡಿಯೋದವನನ್ನೇ ಕಾಡಿ ಬೇಡಿ ಕರೆತಂದೆ. ಅವನು ಹುಟ್ಟಿದ್ದೇ ಈ ಕಾಲುವೆ ದಂಡೆಯಲ್ಲಿ. "ಅಕ್ಕಾ, ನಿಮಗೆ ತಲೆ ಕೆಟ್ಟಿದೆಯಾ? ಉಡದ ಫೋಟೋ ಯಾರಾದ್ರೂ ತೆಗೆಸ್ತಾರಾ? ನಾಳೆ ಚರಂಡಿದೂ ತೆಗೆಸ್ತೀರಾ?" ಎಂದು ನಕ್ಕ. "ಬಾಯಿ ಮುಚ್ಚಿಕೊಂಡು ಬಾರಪ್ಪ, ನನ್ನ ಮಗಳ ಬಾಯಿ ತೆರೆಸಬೇಕು" ಎಂದೆ. ಸುಮ್ಮನೆ ಬಂದ.

ಬೆಳಗಿನ ಬಿಸಿಲಿಗೆ ಮೇಸ್ತ್ರಿ ಕಾಲುವೆಯ ಕಲ್ಲಿನ ಮೇಲೆ ಮೈ ಕಾಯಿಸುತ್ತಿದ್ದ. ಸ್ಟುಡಿಯೋದವನು ಮದುವೆ ಗಂಡಿಗೆ ಹೇಳುವ ಹಾಗೆ "ಸ್ವಲ್ಪ ಈ ಕಡೆ ತಿರುಗಿ, ಗದ್ದ ಮೇಲೆ" ಎಂದ. ಮೇಸ್ತ್ರಿ ತಿರುಗಿದ, ಆದರೆ ಆ ಕಡೆಗೆ. ದೀಪ ಮಿಂಚಿದ್ದೇ ತಡ, ದುಡುಮ್ಮನೆ ನೀರಿಗೆ ಹಾರಿದ. ಸ್ಟುಡಿಯೋದವನ ಪ್ಯಾಂಟೆಲ್ಲ ಒದ್ದೆ. ಪುಣ್ಯಕ್ಕೆ ಲಾಂಡ್ರಿ ಪಕ್ಕದಲ್ಲೇ ಇತ್ತು.

ಫೋಟೋ ಇದರ ಜೊತೆ ಇಟ್ಟಿದ್ದೇನೆ. ಇನ್ನು ನೀವು ನಂಬಲೇಬೇಕು.

ನಿಮ್ಮ ಬೀಗಿತ್ತಿ


ಬೇಕರಿ ಮನೆಯಿಂದ
ಏಪ್ರಿಲ್ 25

ಬೀಗಿತ್ತಿಯವರಿಗೆ,

ಮರದ ದಿಮ್ಮಿಯ ಫೋಟೋ ಸಿಕ್ಕಿತು. ದಿಮ್ಮಿ ಚೆನ್ನಾಗಿದೆ. ಅರ್ಧ ಕಲ್ಲಿನ ಮೇಲೆ, ಅರ್ಧ ನೆರಳಿನಲ್ಲಿ. ತಲೆ ಎಲ್ಲಿ, ಕಾಲು ಎಲ್ಲಿ ಎಂದು ಕನ್ನಡಕ ಹಾಕಿ ಹುಡುಕಿದೆ. ಸಿಗಲಿಲ್ಲ.

ಅದನ್ನು ಒಲೆಗೆ ಹಾಕುವವಳಿದ್ದೆ. ಅವಳು ಅಚ್ಚುಗಳ ತಟ್ಟೆ ಹೊತ್ತು ಆ ಕಡೆಯಿಂದ ಬಂದಳು. ಫೋಟೋ ಕಣ್ಣಿಗೆ ಬಿದ್ದದ್ದೇ ತಟ್ಟೆ ಕೆಳಗಿಟ್ಟು, ಎಣ್ಣೆಗೈ ಎಂಬುದನ್ನೂ ಮರೆತು ಕಿತ್ತುಕೊಂಡಳು. "ಬಾಲದ ತುದಿ ನೋಡಿ, ಮೇಸ್ತ್ರಿ! ನಮ್ಮ ಮೇಸ್ತ್ರಿ!" ಎಂದು ನಕ್ಕಳು. ಇಷ್ಟು ದಿನಕ್ಕೆ ಮೊದಲ ಸಲ ನಕ್ಕದ್ದು. ಆಮೇಲೆ ಅಲ್ಲೇ ಹಿಟ್ಟಿನ ಮೂಟೆಯ ಮೇಲೆ ಕೂತು ಅತ್ತಳು. ಫೋಟೋ ಈಗ ಅವಳ ದಿಂಬಿನ ಕೆಳಗಿದೆ.

ಅಂದಿನಿಂದ ನನಗೂ ಒಂದು ಮುಳ್ಳು. ಮರದ ದಿಮ್ಮಿ ನೋಡಿ ಯಾರು ಅಳುತ್ತಾರೆ? ಮೇಸ್ತ್ರಿ ಎಂಬ ಹೆಸರನ್ನು ನಾನು ಅವಳಿಗೆ ಹೇಳಿರಲಿಲ್ಲ. ಆದರೂ ನಾನು ಅಷ್ಟು ಸುಲಭದಲ್ಲಿ ಬಗ್ಗುವವಳಲ್ಲ. ತಾಯಿ ಮಗಳು ಮೊದಲೇ ಕಟ್ಟಿದ ಕಥೆಯೂ ಇರಬಹುದು. ಕಣ್ಣಾರೆ ನೋಡದೆ ಒಪ್ಪುವುದಿಲ್ಲ.

ನಮ್ಮ ಒಲೆಯ ಒಳಗಿನ ಇಟ್ಟಿಗೆ ಬಿರುಕು ಬಿಟ್ಟಿದೆ. ಬದಲಿಸಲು ಇಲ್ಲಿಯ ಮೇಸ್ತ್ರಿ, ಎರಡು ಕಾಲಿನವನು, ಜೂನ್ ಮೊದಲಲ್ಲಿ ಬರುತ್ತಾನೆ. ಆಗ ಒಂದು ವಾರ ಒಲೆ ಆರುತ್ತದೆ. ಆ ವಾರ ನಿಮ್ಮಲ್ಲಿಗೆ ಬರುತ್ತೇನೆ. ಒಬ್ಬಳೇ.

ನಿಮ್ಮ ಬೀಗಿತ್ತಿ


ಲಾಂಡ್ರಿ ಮನೆಯಿಂದ
ಮೇ 6

ಬೀಗಿತ್ತಿಯವರೇ,

ಬನ್ನಿ, ಬನ್ನಿ, ಬನ್ನಿ! ನಿಮ್ಮ ಕಾಗದ ಓದಿ ದೇವರಿಗೆ ಅಡ್ಡಬಿದ್ದೆ. ನಮ್ಮವರು ಮುಂದಿನ ಕೋಣೆಗೆ ಸುಣ್ಣ ಬಳಿಯುತ್ತಿದ್ದಾರೆ. ನಾನು ಬೇಡವೆಂದರೂ ಕೇಳದೆ ಹಿಂಬಾಗಿಲಿಗೆ ಹಸಿರು ಬಣ್ಣ ಹೊಡೆದರು. "ಉಡ ನೋಡೋಕೆ ಬರೋರು ಬಾಗಿಲನ್ನೂ ನೋಡ್ತಾರೆ, ಅಳತೆಗೆ ಬೇಕಲ್ಲ" ಎನ್ನುತ್ತಾರೆ.

ಮೇಸ್ತ್ರಿ ನಿನ್ನೆ ಬೆಳಿಗ್ಗೆ ಬಂದಿದ್ದ. ಇವತ್ತೂ ಬಂದಿದ್ದ. ಹಿಂದೆಲ್ಲ ಕಂಡ ಕೂಡಲೇ ಪೊರಕೆ ಎತ್ತುತ್ತಿದ್ದ ನಾನು ಈಗ ಮೀನಿನ ತಲೆ ಇಟ್ಟು ಉಪಚಾರ ಮಾಡುತ್ತಿದ್ದೇನೆ. ನಮ್ಮ ನೆರೆಯವಳು ಬೇಲಿಯ ಆಚೆಯಿಂದ, "ಏನಕ್ಕಾ, ಅಳಿಯ ಬಂದಿದ್ದಾರಾ?" ಎಂದು ಕಿಚಾಯಿಸುತ್ತಾಳೆ. "ಅಳಿಯನ ತಾಯಿ ಬರ್ತಿದ್ದಾರೆ" ಎಂದೆ.

ಒಂದೇ ಚಿಂತೆ. ಬಿಸಿಲಿದ್ದರೆ ಮಾತ್ರ ಅವನು ಹೊರಗೆ. ಜೂನಿನಲ್ಲಿ ಮಳೆ ಹಿಡಿದರೆ ಬಿಲ ಬಿಟ್ಟು ಬರುವುದಿಲ್ಲ. ಆಗಲಿ, ಮೇಲಿರುವವನು ನೋಡಿಕೊಳ್ಳುತ್ತಾನೆ. ನನ್ನ ಸುಳ್ಳಿಗೆ ನನ್ನನ್ನು ಶಿಕ್ಷಿಸಲಿ, ಮಗಳನ್ನಲ್ಲ.

ನಿಮ್ಮ ದಾರಿ ಕಾಯುತ್ತಿರುವ ಬೀಗಿತ್ತಿ


ಲಾಂಡ್ರಿ ಮನೆಯಿಂದ
ಜೂನ್ 12, ಮಧ್ಯಾಹ್ನ

ಬೀಗಿತ್ತಿಯವರೇ,

ನೀವು ಬಸ್ಸು ಹತ್ತಿ ಹೋದಿರಿ. ನೀವು ಮಡಚಿಟ್ಟ ಹಾಸಿಗೆ ಇನ್ನೂ ಬಿಚ್ಚಿಲ್ಲ, ಈ ಕಾಗದ ಬರೆಯಲು ಕೂತಿದ್ದೇನೆ.

ಇದ್ದಷ್ಟು ದಿನವೂ ಮಳೆ. ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು, ಶಾಲು ಹೊದ್ದು, ನೀವು ಖಾಲಿ ಹಿತ್ತಲನ್ನು ನೋಡುತ್ತಿದ್ದಿರಿ. ಹಿಂದೆ ನಿಂತು ನಾನು ನಿಮ್ಮನ್ನು ನೋಡುತ್ತಿದ್ದೆ. ಇಟ್ಟ ಮೊಟ್ಟೆಯನ್ನು ಕಾಗೆ ತಿಂದಿತು. ಮೀನಿನ ತಲೆಯನ್ನು ಬೆಕ್ಕು ಎಳೆದೊಯ್ದಿತು. ನಿನ್ನೆ ನಮ್ಮವರು ಮಳೆಯಲ್ಲೇ ಬಿಲದ ಹತ್ತಿರ ಹೋಗಿ "ಬಾರೋ ಮಾರಾಯ, ಮರ್ಯಾದೆ ಉಳಿಸೋ" ಎಂದು ಕರೆದರಲ್ಲ, ಆಗ ನೀವು ಮುಖ ತಿರುಗಿಸಿಕೊಂಡಿರಿ. ನಕ್ಕಿರೋ, ಮರುಗಿದಿರೋ ತಿಳಿಯಲಿಲ್ಲ.

ಹೊರಡುವಾಗ "ಮನೆ ಚೆನ್ನಾಗಿದೆ" ಎಂದಷ್ಟೇ ಹೇಳಿದಿರಿ. ನೀವು ಹೋಗಿ ಸ್ವಲ್ಪ ಹೊತ್ತಿಗೆ ಮೋಡ ಒಡೆದು ಬಿಸಿಲು ಬಂತು. ಹಿತ್ತಲಿಗೆ ಓಡಿದೆ. ಮೇಸ್ತ್ರಿ ಆಗಲೂ ಇಲ್ಲ. ದೇವರ ಆಟ ಎನ್ನಲೇ? ಆ ಮೇಲಿರುವವನ ಮೇಲೂ ಸಿಟ್ಟು ಬಂತು, ತಪ್ಪಾಯಿತೆಂದು ಕೆನ್ನೆ ತಟ್ಟಿಕೊಂಡೆ.

ನೀವು ನಂಬದಿದ್ದರೆ ಬೇಡ. ನನ್ನನ್ನು ಏನೆಂದರೂ ಸರಿ. ಅವಳ ಜೊತೆ ಮಾತ್ರ ಮಾತಾಡಿ, ಅವಳನ್ನು ಮಾತಾಡಲು ಬಿಡಿ. ಕೌಂಟರು ಬೇಡ, ಅಡುಗೆಮನೆಯಲ್ಲಾದರೂ. ಅದೊಂದೇ ಕೇಳುವುದು.

ಇಂತಿ ನಿಮ್ಮ ಬೀಗಿತ್ತಿ


ರೈಲ್ವೆ ಸ್ಟೇಷನ್ನಿನಿಂದ
ಜೂನ್ 12

ತಂಗೀ!

ಅಕ್ಷರ ವಕ್ರವಾಗಿದ್ದರೆ ಕ್ಷಮಿಸು. ಬಿಸ್ಕತ್ತು ಕಟ್ಟಿಕೊಟ್ಟ ಕಾಗದದ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ. ನೋಡಿದೆ! ನಾನು ನೋಡಿದೆ ಕಣೇ!

ಬಸ್ಸು ನಿಮ್ಮ ಕಾಲುವೆಯ ಸೇತುವೆ ಹತ್ತಿರ ಬಂತು. ಆಗ ತಾನೇ ಬಿಸಿಲು ಬಿದ್ದಿತ್ತು. ಡ್ರೈವರ್ ಸುಮ್ಮನೆ ಬ್ರೇಕ್ ಹಾಕಿ ಬೀಡಿ ಹಚ್ಚಿದ. ಎಲ್ಲರೂ ಸುಮ್ಮನೆ ಕೂತರು. ಒಬ್ಬಳು ಕಡಲೆಕಾಯಿ ಬಿಡಿಸುತ್ತಲೇ ಇದ್ದಳು. ಯಾಕಪ್ಪಾ ನಿಂತಿತು ಎಂದು ಕಿಟಕಿಯಿಂದ ಬಗ್ಗಿ ನೋಡಿದೆ. ಎದುರು ರಸ್ತೆಯಲ್ಲಿ ನಡೆದು ಬರುತ್ತಿದ್ದಾನೆ ಮೇಸ್ತ್ರಿ! ಎರಡೂ ಕೈ ಬೀಸುತ್ತ! ಅವಸರವೇ ಇಲ್ಲ! ಸೇತುವೆಯ ಗೋಡೆ ನೆಟ್ಟಗಿದೆಯೇ ಎಂದು ತಲೆ ಎತ್ತಿ ನೋಡಿದ. ಆ ನಾಲಿಗೆ! ಮೈಮೇಲೆಲ್ಲ ಹಳದಿ ಚುಕ್ಕೆ, ಯಾರೋ ಕುಳಿತು ಹೊಲಿದ ಹಾಗೆ! ಬಾಲದ ತುದಿ ಮುರಿದಿತ್ತು!

ನಾನು ಕಿರುಚಿದೆನಂತೆ. ನನಗೆ ಗೊತ್ತಿಲ್ಲ. ಗೊತ್ತಾಗುವ ಹೊತ್ತಿಗೆ ರಸ್ತೆಯಲ್ಲಿದ್ದೆ. ಕಂಡಕ್ಟರ್, "ಅಮ್ಮಾ, ಹತ್ತಿ, ಅದು ದಿನಾ ದಾಟುತ್ತೆ" ಅಂದ. "ದಿನಾ ದಾಟುತ್ತೇನಪ್ಪಾ? ಮತ್ತೆ ನೀವೆಲ್ಲ ಹೀಗೆ ಸುಮ್ನೆ ಕೂತಿದ್ದೀರಲ್ಲ!" ಅಂದೆ. ಬಸ್ಸಿಡೀ ನಕ್ಕಿತು. "ಬರ್ತೀರೋ, ಇಲ್ಲಾ ಅದರ ಜೊತೆ ಹೋಗ್ತೀರೋ?" ಅಂದ. "ನೀವು ಹೊರಡಿ" ಅಂದೆ. ಹೋಗೇಬಿಟ್ಟರು, ನನ್ನ ಕೊಡೆ ಸಮೇತ.

ರಸ್ತೆ ಒದ್ದೆಯಾಗಿತ್ತಲ್ಲ, ಅವನು ಆ ಬದಿಯ ಕೆಸರಿನಲ್ಲಿ ಸ್ವಲ್ಪ ಹೊತ್ತು ಮೈ ಚಾಚಿ ಮಲಗಿದ. ನಾನೂ ಕಾದು ನಿಂತೆ. ಅವನು ನೀರಿಗೆ ಇಳಿದ ಮೇಲೆ ಕೆಸರಿನಲ್ಲಿ ಮೂಗಿನ ಗುರುತು, ಬಾಲದ ಗುರುತು ಎರಡೂ ಉಳಿದಿದ್ದವು. ನನ್ನ ಶಾಲನ್ನು ಹಾಸಿ ಅಳೆದೆ. ಅಳತೆ ಬಂದಲ್ಲಿ ಗಂಟು ಹಾಕಿದೆ. ಸ್ಟೇಷನ್ನಿಗೆ ನಡೆದೇ ಬಂದೆ. ರೈಲು ಹೋಗಿತ್ತು. ಹೋಗಲಿ! ಸ್ಟೇಷನ್ನಿನ ಈ ಕಾಯುವ ಕೋಣೆಯ ಬಾಗಿಲಿಗೆ ಶಾಲು ಹಿಡಿದು ನೋಡಿದೆ.

ತಂಗೀ, ಬಾಗಿಲು ಸಾಲಲಿಲ್ಲ.

ಅವಳು ಒಂದಿಂಚೂ ಎಳೆದಿರಲಿಲ್ಲ. ನಾನು ಆ ಹುಡುಗಿಯನ್ನು ಎಣ್ಣೆ ಅಚ್ಚಿನ ಮುಂದೆ ಕೂರಿಸಿದೆನಲ್ಲ! ನಿನ್ನ ಮನೆಗೆ ವಾಪಸ್ ಓಡಿಬರೋಣ ಅನ್ನಿಸಿತು. ಆದರೆ ಮೊದಲು ಅವಳಿಗೆ ಹೇಳಬೇಕು. ಮುಂದಿನ ರೈಲಿನ ಗಂಟೆ ಹೊಡೆಯಿತು.

ನಿನ್ನ ಅಕ್ಕ


ಬೇಕರಿ ಮನೆಯಿಂದ
ಜೂನ್ 30

ತಂಗೀ,

ನಿನ್ನ ಅಳುಮೊಗದ ಕಾಗದವೂ ಬಂತು. ನನ್ನ ಬಿಸ್ಕತ್ತು ಕಾಗದ ನಿನಗೂ ತಲುಪಿರಬೇಕು. ಎರಡೂ ದಾರಿಯಲ್ಲಿ ಎಲ್ಲೋ ಎದುರುಬದುರಾಗಿ ಹೋಗಿರಬೇಕು, ನಮ್ಮಿಬ್ಬರ ಹಾಗೆ. ನಿಮ್ಮವರು ಮಳೆಯಲ್ಲಿ ಬಿಲಕ್ಕೆ ಕೂಗಿದಾಗ ನಾನು ನಗಲಿಲ್ಲ. ಒಂದು ಹುಡುಗಿಗಾಗಿ ಇಷ್ಟು ಮಾಡುವ ಜನ ಸುಳ್ಳರಲ್ಲ ಎನ್ನಿಸಿತು. ಹೇಳಲು ಹಟ ಬಿಡಲಿಲ್ಲ.

ಮನೆಗೆ ಬಂದದ್ದೇ ಚಪ್ಪಲಿಯನ್ನೂ ಬಿಡದೆ ಹಿಂದಿನ ಕೋಣೆಗೆ ಹೋದೆ. ಗಂಟು ಹಾಕಿದ ಶಾಲನ್ನು ಬಾಗಿಲಿಗೆ ಹಿಡಿದೆ. ಅವಳು ಶಾಲು ನೋಡಿದಳು, ಬಾಗಿಲು ನೋಡಿದಳು, ನನ್ನ ಮುಖ ನೋಡಿದಳು. "ಮೇಸ್ತ್ರಿ ಸಿಕ್ಕಿದ್ರಾ ಅತ್ತೆ?" ಎಂದಳು. "ಸಿಕ್ಕಿದ್ದ ಕಣೇ. ನಿನ್ನನ್ನ ಕೇಳಿದ" ಎಂದೆ. ಆಮೇಲೆ ಆ ಬಾಯಿ ತೆರೆದದ್ದು ಇನ್ನೂ ಮುಚ್ಚಿಲ್ಲ. ಅಂದು ಮೂರು ತಟ್ಟೆ ಬನ್ನು ಕರಕಲಾಯಿತು. ಹೋಗಲಿ!

ಈಗ ಸಂಕಟ ನನ್ನದು. ಕೌಂಟರಿನಲ್ಲಿ ಬಂದವರಿಗೆಲ್ಲ ಹೇಳುತ್ತಿದ್ದೇನೆ. ಒಬ್ಬರೂ ನಂಬುತ್ತಿಲ್ಲ! ಹಾಲಿನವನು, "ಅಮ್ಮಾ, ಬಿಸಿ ಊರಿಗೆ ಹೋಗಿ ತಲೆಗೆ ಬಿಸಿ ಏರಿದೆ" ಎಂದ. ಶಾಲು ತೋರಿಸಿದರೆ ಅಂಚೆಯವನು, "ಶಾಲು ಉದ್ದ ಇದ್ದರೆ ಉಡ ಉದ್ದ ಇರುತ್ತಾ?" ಎಂದ. ದರ್ಜಿ ಎಲ್ಲರೆದುರು "ಸೊಸೆಯ ಗಾಳಿ ಅತ್ತೆಗೂ ಬೀಸಿತು" ಎಂದ. ಇಷ್ಟು ವರ್ಷ ನನ್ನ ತಕ್ಕಡಿಯನ್ನು ನಂಬಿದ ಜನ!

ಆಗೆಲ್ಲ ನಿನ್ನ ಪಟಾಕಿ ನನ್ನ ಪಕ್ಕಕ್ಕೆ ಬಂದು ನಿಲ್ಲುತ್ತಾಳೆ. "ನಮ್ಮತ್ತೆ ಹೇಳ್ತಿರೋದು ನಿಜ. ನಾನು ಸಾಕ್ಷಿ" ಎನ್ನುತ್ತಾಳೆ. ಗಿರಾಕಿಗಳು ಇನ್ನಷ್ಟು ನಗುತ್ತಾರೆ. ನಾವಿಬ್ಬರೂ ಒಂದೇ ಕಡೆ ನಿಂತು ಬೈಸಿಕೊಳ್ಳುತ್ತೇವೆ. ಬ್ರೆಡ್ ಮಾತ್ರ ಎಂದಿಗಿಂತ ಜಾಸ್ತಿ ಖರ್ಚಾಗುತ್ತಿದೆ.

ಉಡ ಇದೆಯೆಂದು ನನಗೊಂದು ಕಾಗದ ಬರೆದುಕೊಡು. ಗೋಡೆಗೆ ಅಂಟಿಸುತ್ತೇನೆ. ಒಲೆ ಕಾಯುತ್ತಿದೆ, ಹೊರಗೆ ಜಿಂಕೆ ಮತ್ತೆ ಬುಟ್ಟಿಗೆ ಬಾಯಿ ಹಾಕಿದೆ, ಓಡಿಸಿ ಬರುತ್ತೇನೆ.

ನಿನ್ನ ಅಕ್ಕ


ಲಾಂಡ್ರಿ ಮನೆಯಿಂದ
ಜುಲೈ 11

ಅಕ್ಕಾ,

ಗೋಡೆಗೆ ಅಂಟಿಸಬೇಕಾದ್ದನ್ನು ಮೊದಲು ಬರೆಯುತ್ತೇನೆ. ಅಲ್ಲಿಯವರೆಗೆ ಕತ್ತರಿಸಿಕೊಳ್ಳಿ.

ಬೇಕರಿಗೆ ಬರುವ ಎಲ್ಲರಿಗೂ ಲಾಂಡ್ರಿಯವಳ ನಮಸ್ಕಾರ. ಹಾಲಿನವರೇ, ಅಂಚೆಯವರೇ, ದರ್ಜಿಯವರೇ, ನೀವು ಕೇಳಿದ್ದು ನಿಜ. ಉಡ ಇದೆ. ಬಾಗಿಲಿಗಿಂತ ಉದ್ದ ಇದೆ. ಅದು ನಮ್ಮ ಹಿತ್ತಲಿಗೆ ಬರುತ್ತದೆಂದು ಹೇಳಲು ನನಗೆ ನಾಚಿಕೆಯಿಲ್ಲ. ದೇವರು ನಮ್ಮ ಕಾಲುವೆಗೆ ಅದನ್ನು ಕೊಟ್ಟಿದ್ದಾನೆ, ನಿಮ್ಮ ಬೆಟ್ಟಕ್ಕೆ ಕೊಟ್ಟಿಲ್ಲ, ಅದಕ್ಕೆ ನಾವೇನು ಮಾಡೋಣ? ಅತ್ತೆಯೂ ಸೊಸೆಯೂ ತೂಕ ತಪ್ಪುವವರಲ್ಲ. ತೂಕ ತಪ್ಪಿದವಳು ಒಮ್ಮೆ ನಾನು. ಈಗ ಸರಿಮಾಡಿಕೊಂಡಿದ್ದೇನೆ.

ಇಲ್ಲಿಗೆ ಕತ್ತರಿಸಿ.

ಅಕ್ಕಾ, ನಿಮ್ಮ ಬಿಸ್ಕತ್ತು ಕಾಗದವನ್ನು ನಮ್ಮವರು ಇಸ್ತ್ರಿ ಮಾಡಿ, ಸುಕ್ಕು ತೆಗೆದು ಕಪಾಟಿನಲ್ಲಿಟ್ಟಿದ್ದಾರೆ. ದಿನಕ್ಕೊಮ್ಮೆ ಓದಿಸುತ್ತಾರೆ. "ಬಾಗಿಲು ಸಾಲಲಿಲ್ಲ" ಎಂಬಲ್ಲಿ ಇಬ್ಬರೂ ಒಟ್ಟಿಗೆ ಹೇಳುತ್ತೇವೆ. ನಿಮ್ಮ ಕೊಡೆಯನ್ನು ಕಂಡಕ್ಟರ್ ತಂದುಕೊಟ್ಟ. "ಉಡದಮ್ಮ ಮತ್ತೆ ಯಾವಾಗ ಬರ್ತಾರೆ?" ಎಂದು ಕೇಳಿದ. ಈಗ ಆ ಬಸ್ಸಿನವರೂ ಸೇತುವೆಯ ಹತ್ತಿರ ಕಿಟಕಿಯಿಂದ ಬಗ್ಗಿ ನೋಡುತ್ತಾರಂತೆ! ನಾನೂ ಪೊರಕೆ ಬಿಟ್ಟಿದ್ದೇನೆ. ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಹಿತ್ತಲ ಬಾಗಿಲಲ್ಲಿ ನಿಂತು ನೋಡಿದರೆ, ಇಷ್ಟು ವರ್ಷ ಕಣ್ಣಿದ್ದೂ ನೋಡಿರಲಿಲ್ಲ ಎನ್ನಿಸುತ್ತದೆ. ಹಳದಿ ಚುಕ್ಕೆ ಹೊಲಿದ ಹಾಗೇ ಇದೆ, ನೀವು ಬರೆದದ್ದು ಸರಿ. ಉಡದ ಪಟ್ಟು ಮಾತ್ರ ಅವನದಲ್ಲ, ನಿಮ್ಮದು.

ಪಟಾಕಿಯ ಕಾಗದ ನಿನ್ನೆ ಬಂತು. ಹಾಳೆಯ ಎರಡೂ ಬದಿ ತುಂಬಿ, ಅಂಚಿನಲ್ಲೂ ಸುತ್ತ ಬರೆದಿದ್ದಾಳೆ. ಓದಿ ಮುಗಿಸುವ ಹೊತ್ತಿಗೆ ನೆನೆಹಾಕಿದ ಬಟ್ಟೆ ಬಣ್ಣ ಬಿಟ್ಟಿತ್ತು.

ಇನ್ನೊಂದು ಮಾತು ಇದೆ, ಬೈಯಬೇಡಿ. ಮಾರ್ಚಿನಲ್ಲಿ ನೀವು ಬರೆದಿರಿ, ಜಿಂಕೆಗಳು ಬಂದು ಎಲೆಕೋಸು ತಿಂದವು ಎಂದು. ಅದನ್ನು ಓದಿ ನಾನು ನಮ್ಮವರ ಹತ್ತಿರ ಏನೆಂದೆ ಗೊತ್ತೇ? "ಬೀಗಿತ್ತಿ ಬಡಾಯಿ ಕೊಚ್ತಾರೆ. ಜಿಂಕೆ ಅಂತೆ, ಬೇಕರಿ ಬಾಗಿಲಿಗೆ ಬಂದು ಬ್ರೆಡ್ ತಿನ್ನುತ್ತಂತೆ!" ಎಂದು ನಕ್ಕೆ. ನಾನು ಜಿಂಕೆ ಕಂಡದ್ದು ಕ್ಯಾಲೆಂಡರಿನಲ್ಲಿ ಮಾತ್ರ. ನಿನ್ನೆ ಪಟಾಕಿಯೂ ಬರೆದಿದ್ದಾಳೆ, ಒಂದಕ್ಕೆ ಕೊಂಬು ಮರದ ಕೊಂಬೆಯಷ್ಟಿದೆಯಂತೆ, ನೀವು ಅದನ್ನು ಹಿಟ್ಟಿನ ಬಟ್ಟೆಯಲ್ಲಿ ಬೀಸಿ ಅಟ್ಟುತ್ತೀರಂತೆ, ಅದು ಹೋಗಿ ತಿರುಗಿ ನಿಮ್ಮ ಮುಖ ನೋಡುತ್ತದಂತೆ!

ಅಕ್ಕಾ, ಜಿಂಕೆಯನ್ನು ಹಿಟ್ಟಿನ ಬಟ್ಟೆಯಲ್ಲಿ ಅಟ್ಟುತ್ತೀರಾ? ಅದೇನು ಕೋಳಿಯೇ? ನಾನು ಬರುವವರೆಗೆ ಅಟ್ಟಬೇಡಿ, ದಯವಿಟ್ಟು! ಬುಟ್ಟಿಗೆ ಇನ್ನೆರಡು ಬ್ರೆಡ್ ಹಾಕಿಡಿ!

ನೀವಿಬ್ಬರೂ ಹೇಳಿದ ಮೇಲೆ ಮುಗಿಯಿತು, ನಂಬಿದ್ದೇನೆ. ಆದರೂ ನೋಡಲು ಬರುತ್ತಿದ್ದೇನೆ.

ನಿಮ್ಮ ತಂಗಿ